ಅಜ್ಜನ ಕೈಯ ಮುಟಗಿ

ನಿಂತಿತು! ನಮ್ಮ ಪೂಜಾಳ ಹೊಟ್ಟೆಯಲ್ಲಿ ಕೊನೆಗೂ ತುತ್ತು ನಿಂತಿತು. ಮಧ್ಯಾಹ್ನ ತಿಂದದ್ದು ದೀಪ ಹಚ್ಚುವ ಹೊತ್ತಾದರೂ ಒಳಗೇ ಇದೆ, ಹೊರಗೆ ಬರುವ ಲಕ್ಷಣವೇ ಇಲ್ಲ. ಯಾರು ಈ ಪೂಜಾ, ಏನು ತಿಂದಳು ಎಂದು ಹೇಳದೆಯೇ ಸುದ್ದಿ ಒದರಿಬಿಟ್ಟೆ ನೋಡಿ. ಖುಷಿಯಾದಾಗ ನನಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕೆಂಬುದೂ ನೆನಪಿರುವುದಿಲ್ಲ, ಹಾಗೇ ಒಳಗೆ ನುಗ್ಗಿಬಿಡುತ್ತೇನೆ.

ನಮ್ಮ ಚಾಳಿನಲ್ಲಿ, ಎಂದರೆ ಸಾಲುಮನೆಗಳ ವಠಾರದಲ್ಲಿ, ಈ ಸುದ್ದಿಯನ್ನು ಆಗಲೇ ಹಂಚಿ ಬಂದಿದ್ದೇನೆ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ. ನಳದ ಮುಂದೆ ಕೊಡ ಹಿಡಿದು ನಿಂತವರಿಗೆ ಹೇಳಿದೆ. ಮಗ ಶಿವಾನಂದ ರಿಕ್ಷಾ ನಿಲ್ಲಿಸುವ ಸ್ಟ್ಯಾಂಡಿಗೆ ಹೋಗಿ ಅಲ್ಲಿದ್ದವರಿಗೂ ಹೇಳಿದೆ. "ಮುಬಾರಕ್ ಹೋ ಚಾಚಾ! ಲಡ್ಕಾ ಯಾ ಲಡ್ಕಿ?" ಎಂದು ಒಬ್ಬ ಕೈಕುಲುಕಿದ. "ಹುಟ್ಟಿಲ್ಲೋ ಮಾರಾಯಾ, ಇನ್ನೂ ಭಾಳ ಟೈಮ್ ಅದ. ಖಾಯಾ, ಖಾಯಾ! ಉಸ್ನೇ ಖಾಯಾ!" ಎಂದೆ. ಒಬ್ಬಳು ತಿಂದದ್ದನ್ನು ಓಣಿ ತುಂಬ ಸಾರಿಕೊಂಡು ಬರುವ ಮುದುಕನನ್ನು ಅವನು ಮೊದಲ ಸಲ ನೋಡಿದ್ದಿರಬೇಕು. ಕೈ ಬಿಡಿಸಿಕೊಂಡು ಮೆಲ್ಲಗೆ ರಿಕ್ಷಾ ಚಾಲು ಮಾಡಿದ.

ಪೂಜಾ ನನ್ನ ಮೊಮ್ಮಗಳು, ಶಿವಾನಂದನ ಮಗಳು. ಮುಂಬಯಿಯ ಇದೇ ಕುರ್ಲಾದ ಚಾಳಿನಲ್ಲಿ ಹುಟ್ಟಿ ಬೆಳೆದು, ಕಾಲೇಜು ಓದಿ, ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಸಾಗರ್ ಎಂಬ ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾಗಿ ಈಗ ಸಾಂತಾಕ್ರೂಜಿನಲ್ಲಿದ್ದಾಳೆ. ಬಸುರಿ ಎಂದು ಗೊತ್ತಾದ ದಿನ ಪೇಢೆ ಹಂಚಿದೆವು. ಆ ಪೇಢೆಯ ಡಬ್ಬಿ ಖಾಲಿಯಾಗುವ ಮೊದಲೇ ಅವಳಿಗೆ ವಾಂತಿ ಹತ್ತಿಕೊಂಡಿತು. ಬಸುರಿಯರಿಗೆ ವಾಂತಿ ಹೊಸದೇನಲ್ಲ, ಆದರೆ ಇದು ಅಂಥಿಂಥದ್ದಲ್ಲ. ಅನ್ನ ನಿಲ್ಲದು, ಹಾಲು ನಿಲ್ಲದು, ಗುಟುಕು ನೀರೂ ನಿಲ್ಲದು. ಅವರ ಬಿಲ್ಡಿಂಗಿನ ಕೆಳಗೇ ಒಂದು ಹೋಟೆಲಿದೆ; ಬೆಳಗ್ಗೆ ಅಲ್ಲಿ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಮೇಲೆ ಇವಳು ಬಚ್ಚಲಿಗೆ ಓಡಬೇಕು. ಕೊನೆಗೆ ಶಿವಾನಂದ ತನ್ನ ರಿಕ್ಷಾದಲ್ಲೇ ಮಗಳನ್ನು ಕೂರಿಸಿಕೊಂಡು, ಹೊಂಡ ಕಂಡಲ್ಲೆಲ್ಲ ದೇವರನ್ನು ನೆನೆಯುತ್ತ, ನಮ್ಮಲ್ಲಿಗೆ ತಂದ. ಪಕ್ಕದಲ್ಲಿ ನನ್ನ ಹೆಂಡತಿ ನೀಲವ್ವ, ಅವಳ ಮಡಿಲಲ್ಲಿ ಒಂದು ಸ್ಟೀಲಿನ ಬೋಗುಣಿ. ಆ ಬೋಗುಣಿ ಅಂದಿನಿಂದ ಪೂಜಾಳ ತಲೆದಿಂಬಿನ ಪಕ್ಕ ಠಾಣ್ಯ ಹೂಡಿತ್ತು.

ನಮ್ಮದು ಉಣ್ಣುವ, ಉಣಿಸುವ ಮನೆ. ನೀಲವ್ವ ದಿನಾ ಬೆಳಗ್ಗೆ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಹುಡುಗರಿಗೆ ಡಬ್ಬಿ ಕಟ್ಟುವವಳು. ಕಟ್ಟಡದ ಕೆಲಸದವರು, ವಾಚ್‌ಮನ್‌ಗಳು, ಪೇಂಟಿನವರು, ಎಲ್ಲರಿಗೂ ಅವಳು ಕಾಕು, ಚಿಕ್ಕಮ್ಮ. "ಕಾಕು, ನಿಮ್ಮ ರೊಟ್ಟಿ ತಿಂದ್ರ ಊರಿಗೆ ಹೋಗೋ ತಿಕೀಟ ಉಳೀತದ ನೋಡ್ರಿ" ಎನ್ನುತ್ತಾರೆ ಅವರು. ಅಂಥವಳ ಮೊಮ್ಮಗಳು ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದರೆ ಹೇಗಾಗಬೇಡ? ನೀಲವ್ವ ಹುಡುಗರಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು, ತಾನು ಮಾತ್ರ ತಾಟಿನ ಮುಂದೆ ಕೂತು ಎದ್ದುಬಿಡುತ್ತಿದ್ದಳು.

ನಾನು ಚೀಲ ಹಿಡಿದು ಹೊರಬಿದ್ದೆ. ಮುಂಬಯಿಯಲ್ಲಿ ಬಾಯಿರುಚಿ ಕೆಟ್ಟವರನ್ನು ಸಂತೈಸುವುದು ಎಂಥ ದುಬಾರಿ ಕೆಲಸವೆಂದು ಆಗ ತಿಳಿಯಿತು. ಎಳನೀರಿನವನು ಬೆಲೆ ಹೇಳಿದ. "ಇದಕ್ಕ ಮರಾನೂ ಬರ್ತದೇನಪಾ?" ಎಂದೆ. ಅವನಿಗೆ ಕನ್ನಡ ತಿಳಿಯಲಿಲ್ಲ, ಆದರೆ ನನ್ನ ಮುಖ ತಿಳಿಯಿತು. "ಮಲಾಯಿ ಫ್ರೀ ಹೈ ಚಾಚಾ" ಎಂದ, ಒಳಗಿನ ತಿರುಳು ಪುಕ್ಕಟೆಯಂತೆ. ಸೇಬಿನ ಅಂಗಡಿಗೆ ಹೋದರೆ ಒಂದೊಂದು ಹಣ್ಣಿಗೂ ಮದುಮಗಳ ಹಣೆಗೆ ತಿಲಕ ಇಟ್ಟ ಹಾಗೆ ಚೀಟಿ ಅಂಟಿಸಿದ್ದರು. ನೋಡಿದ ಕೂಡಲೇ ಇದು ನಮ್ಮಂಥವರ ಮನೆ ತುಂಬುವ ಹೆಣ್ಣಲ್ಲ ಎಂದು ಗೊತ್ತಾಗುವ ಹಾಗಿತ್ತು. ಆದರೂ ತಂದೆ. ದಾಳಿಂಬೆ ತಂದೆ. ಲಿಂಬೆಹಣ್ಣಿಗಂತೂ ಆ ವಾರ ಎಂಥ ಸೊಕ್ಕು ಬಂದಿತ್ತೆಂದರೆ, ಹೋಟೆಲಿನವರು ತಾಟಿನ ಮೂಲೆಗೆ ಇಡುವ ಚೂರನ್ನು ಕಡಿದಿದ್ದಾರೋ ಕೆರೆದಿದ್ದಾರೋ ತಿಳಿಯುತ್ತಿರಲಿಲ್ಲ. ತಂದದ್ದೆಲ್ಲ ಪೂಜಾಳ ಬಾಯಿಗೆ ಹೋಗಿ ಬೋಗುಣಿಗೆ ಬಂತು.

ಸಾಗರನ ದಾರಿ ಬೇರೆ. ಅವನು ಆಫೀಸಿನಿಂದ ಸೀದಾ ನಮ್ಮಲ್ಲಿಗೇ ಬಂದು, ಗೋಡೆಗೊರಗಿ ಕೂತು, ಮೊಬೈಲಿನ ಮೇಲೆ ಬೆರಳು ಒತ್ತುತ್ತಿದ್ದ. ಸ್ವಲ್ಪ ಹೊತ್ತಿಗೆ ಹೆಲ್ಮೆಟ್ ಹಾಕಿದವನೊಬ್ಬ ನಮ್ಮ ಓಣಿಯಲ್ಲಿ ದಾರಿ ತಪ್ಪಿ ಯಾರದೋ ಮನೆಯ ಮುಂದೆ ನಿಂತು ಕೂಗುತ್ತಿದ್ದ. ಹೀಗೆ ಒಂದು ದಿನ ಸೂಪು, ಮರುದಿನ ಖಿಚಡಿ. ಚೀಲದೊಳಗೆ ಚೀಲ, ಅದರೊಳಗೆ ಡಬ್ಬಿ, ಅದರೊಳಗೆ ಇಷ್ಟೇ ಇಷ್ಟು ಊಟ. ನೀಲವ್ವ ಆ ಡಬ್ಬಿಗಳನ್ನು ತೊಳೆದು ಸಾಸಿವೆ, ಜೀರಿಗೆ, ಅರಿಷಿಣ ತುಂಬಿಟ್ಟಳು. ಅಷ್ಟರಮಟ್ಟಿಗೆ ಅವನ ದುಡ್ಡು ದಂಡವಾಗಲಿಲ್ಲ. "ಟೆನ್ಶನ್ ನಹೀ ಲೇನೇ ಕಾ ಅಜ್ಜಾ. ಕುಛ್ ತೋ ತಿಂತಾಳೆ ಅವಳು" ಎಂದು ಅವನು ನನಗೆ ಧೈರ್ಯ ಹೇಳುತ್ತಿದ್ದ. ಹೇಳುತ್ತಲೇ ಮತ್ತೆ ಮೊಬೈಲಿನ ಮೇಲೆ ಬೆರಳು ಒತ್ತುತ್ತಿದ್ದ.

ಮೊನ್ನೆ ದವಾಖಾನೆಗೆ ಕರೆದೊಯ್ದಾಗ ಡಾಕ್ಟರ್ ಬಾಯಿ (ಲೇಡಿ ಡಾಕ್ಟರಿಗೆ ಇಲ್ಲಿ ಹಾಗೇ ಎನ್ನುವುದು) ಪೂಜಾಳ ನಾಲಿಗೆ ನೋಡಿದರು, ಕೈಯ ಮೇಲಿನ ಚರ್ಮ ಚಿವುಟಿ ನೋಡಿದರು, ನೋಡುತ್ತ ನೋಡುತ್ತ ಅವರ ನಗೆ ಮಾಯವಾಯಿತು. ಇನ್ನೆರಡು ದಿನದಲ್ಲಿ ಏನಾದರೂ ಹೊಟ್ಟೆಯಲ್ಲಿ ನಿಲ್ಲಲೇಬೇಕು, ಇಲ್ಲದಿದ್ದರೆ ಭರ್ತಿ ಮಾಡಿ ಸಲೈನ್ ಹಚ್ಚುತ್ತೇನೆ ಎಂದರು. ಏನಾದರೂ ಅಂದರೆ ಏನು ಕೊಡಬೇಕು ಎಂದು ಸೊಸೆ ಮಹಾದೇವಿ ಕೇಳಿದಳು. ಅವಳ ಮನಸ್ಸು ಯಾವುದರ ಮೇಲೆ ಹೋಗುತ್ತದೋ ಅದನ್ನು ಕೊಡಿ ಎಂದರು.

ಮನೆಗೆ ಬಂದು ಮಹಾದೇವಿ ಮಗಳ ತಲೆ ನೇವರಿಸುತ್ತ ಕೇಳಿದಳು. "ಖರೇ ಹೇಳವ್ವಾ ಪೂಜಾ. ಯಾವುದರ ಮ್ಯಾಲ ಮನಸ್ಸದ ನಿಂದು?"

ಪೂಜಾ ಕಣ್ಣು ಮುಚ್ಚಿಕೊಂಡೇ, "ಅಜ್ಜನ ಕೈಯಾಂದು ಮುಟಗಿ" ಎಂದಳು.

ನೀಲವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಯಾರ ಕೈಯಾಂದು?"

"ಅಜ್ಜಂದು, ಆಯಿ." ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. "ನಾ ಸಣ್ಣಾಕಿ ಇದ್ದಾಗ ಅಜ್ಜ ತಿನ್ನಸ್ತಿದ್ನಲ್ಲ, ಬಿಸಿಬಿಸಿದು, ಮುಷ್ಟ್ಯಾಗ ಹಿಚುಕಿ. ಅದರ ವಾಸನಿ ನೆನಪಾಗ್ಲಿಕ್ಕತ್ತದ."

"ಈ ಮನ್ಯಾಗ ಮುಟಗಿ ಅಂದ್ರ ನಂದು. ನಿಮ್ಮಜ್ಜಗ ಗ್ಯಾಸ್ ಹಚ್ಚಾಕ ಬರೂದಿಲ್ಲ, ಮುಟಗಿ ಯಾವಾಗ ಮಾಡ್ಯಾನ?" ಎಂದು ನೀಲವ್ವ ನನ್ನತ್ತ ತಿರುಗಿದಳು. ಎಲ್ಲರೂ ನನ್ನನ್ನೇ ನೋಡಿದರು. ನನಗೂ ನೆನಪಿರಲಿಲ್ಲ. ಆದರೆ ಮೊಮ್ಮಗಳು ನನ್ನ ಕೈರುಚಿ ಕೇಳಿದಳಲ್ಲ! ಒಳಗೊಳಗೇ ಉಬ್ಬಿ, ಮೀಸೆ ಸವರಿಕೊಂಡು, "ಮಾಡಿರ್ಬೇಕು" ಎಂದೆ.

ಮುಟಗಿ ಗೊತ್ತಿಲ್ಲದವರಿಗೆ ಒಂದು ಮಾತು. ಬಿಸಿ ಜೋಳದ ರೊಟ್ಟಿಯನ್ನು ಹೆಂಚಿನಿಂದ ತೆಗೆದ ಕೂಡಲೇ ಮುರಿದು, ಬೆಳ್ಳುಳ್ಳಿ, ಖಾರ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ, ಮೇಲೆ ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಕಟ್ಟುವುದು. ಬಾಯಿಗೆ ಹೋಗುವಾಗ ಅದರ ಮೇಲೆ ಕಟ್ಟಿದವರ ಬೆರಳಿನ ಗುರುತಿರಬೇಕು. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅವ್ವ ಬೆಳಗ್ಗೆ ಸಾಲೆಗೆ ಹೊರಟಾಗ ಒಂದು ಮುಟಗಿ ಕೈಯಲ್ಲಿಡುತ್ತಿದ್ದಳು. ತಿನ್ನುತ್ತ ಹೋಗುತ್ತಿದ್ದೆ. ಸಾಲೆ ಮುಟ್ಟುವ ಹೊತ್ತಿಗೆ ಕೈಯೆಲ್ಲ ಎಣ್ಣೆ, ಆ ಕೈಯಿಂದ ಪಾಟಿಯೆಲ್ಲ ಎಣ್ಣೆ. ಅದರ ಮೇಲೆ ಬಳಪ ಜಾರುತ್ತಿತ್ತೇ ಹೊರತು ಅಕ್ಷರ ಮೂಡುತ್ತಿರಲಿಲ್ಲ. "ಪಾಟಿಗೆ ಒಗ್ಗರಣಿ ಹಾಕಿ ತಂದೀಯೇನಲೇ?" ಎಂದು ಮಾಸ್ತರರು ಕಿವಿ ಹಿಂಡುತ್ತಿದ್ದರು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟದ್ದಕ್ಕೆ ಉಳಿದವರು ಬಡತನ ಕಾರಣ ಎನ್ನುತ್ತಾರೆ. ನಾನು ಮುಟಗಿ ಎನ್ನುತ್ತೇನೆ.

ಸಾಲೆ ಬಿಟ್ಟಿತು, ಹಿಚುಕುವ ಚಟ ಬಿಡಲಿಲ್ಲ. ಕೈಗೆ ಏನು ಬಂದರೂ ಹಿಚುಕಿಯೇ ತಿನ್ನಬೇಕು. ಚಪಾತಿ ಹಿಚುಕುತ್ತೇನೆ, ಇಡ್ಲಿ ಹಿಚುಕುತ್ತೇನೆ. ಪೂಜಾಳ ಮದುವೆಯಲ್ಲಿ ಗುಲಾಬ್ ಜಾಮೂನನ್ನು ಹಿಚುಕಿಬಿಟ್ಟೆ. ಪಾಕ ಹಾರಿ ಬೀಗರ ಬಿಳಿ ಅಂಗಿಯ ಮೇಲೆ ಬಿತ್ತು. ಅವರು ದೊಡ್ಡ ಮನುಷ್ಯರು, ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಯಾವ ಪಂಕ್ತಿಯಲ್ಲೂ ನನ್ನ ಪಕ್ಕ ಕೂರುವುದಿಲ್ಲ. ಈಗ ಹಲ್ಲು ಹೋದ ಮೇಲೆ ಇದಕ್ಕೆ ಚಟ ಎಂದು ಹೆಸರಿಡುವ ಹಾಗೂ ಇಲ್ಲ, ಹಿಚುಕದಿದ್ದರೆ ಉಪವಾಸವೇ.

ಇರಲಿ, ಮುಟಗಿಯ ಪರೀಕ್ಷೆಗೆ ಬರೋಣ. ಮೊದಲು ನೀಲವ್ವ ಹಟ ತೊಟ್ಟು ತಾನೇ ಕಟ್ಟಿಕೊಟ್ಟಳು. ಪೂಜಾ ಒಂದು ಚೂರು ಬಾಯಿಗಿಟ್ಟು, "ಇದಲ್ಲ ಆಯಿ" ಎಂದು ಬೋಗುಣಿಯತ್ತ ಕೈಚಾಚಿದಳು. ಆಗ ನನ್ನನ್ನು ಮದುಮಗನ ಹಾಗೆ ಮಣೆಯ ಮೇಲೆ ಕೂರಿಸಿದರು. ನೀಲವ್ವ ಹೆಂಚಿನಿಂದ ನೇರ ನನ್ನ ಅಂಗೈಗೆ ರೊಟ್ಟಿ ಹಾಕಿದಳು.

"ಹಿಚುಕ್ರಿ ಈಗ! ಊರಿಗೆಲ್ಲಾ ಹೆಸರಾದ ಕೈಯಲ್ಲ ನಿಮ್ಮದು?"

ಅಂಗೈ ಸುಟ್ಟಿತು. ಹೆಸರಿನ ಆಸೆಗೆ ಕಮಕ್ ಕಿಮಕ್ ಎನ್ನದೆ ಹಿಚುಕಿದೆ. ಪೂಜಾ ಚೂರು ತಿಂದಳು, ಪಾಪ, ನನ್ನ ಮನಸ್ಸು ನೋಯಬಾರದೆಂದು ಇನ್ನೊಂದು ಚೂರು ತಿಂದಳು. "ಚಲೋ ಅದ ಅಜ್ಜಾ. ಆದ್ರ ಇದಲ್ಲ." ಮತ್ತೆ ಬೋಗುಣಿ. ನೀಲವ್ವನ ಮುಖದಲ್ಲಿ ಸೋಲು ಹಂಚಿಕೊಂಡ ಸಣ್ಣ ಸಮಾಧಾನ ಕಂಡೆ.

ಅಲ್ಲಿಂದ ನಮ್ಮ ಮನೆಯಲ್ಲಿ ಮುಟಗಿಯ ತಪಾಸಣೆ ಶುರುವಾಯಿತು. ಮಹಾದೇವಿ, "ಮಿಕ್ಸರದಾಗ ರುಬ್ಬಿದ ಖಾರಕ್ಕ ಆ ರುಚಿ ಎಲ್ಲಿಂದ ಬರಬೇಕು? ಕಲ್ಲಾಗ ಕುಟ್ಟಬೇಕು" ಎಂದಳು. ಶಿವಾನಂದ ಹೋಗಿ ಯಾರದೋ ಮನೆಯಿಂದ ಒರಳು ಹೊತ್ತು ತಂದ. ಇದಲ್ಲ. ಖಾರದ ಪುಡಿ ಬೇರೆ ತರಿಸಿದೆವು. ಇದಲ್ಲ. ಬೆಳ್ಳುಳ್ಳಿ ಸುಟ್ಟು ಹಾಕಿದೆವು. ಇದಲ್ಲ. ನೀಲವ್ವ ಮೂಗಿನ ಹತ್ತಿರ ಹಿಟ್ಟು ಹಿಡಿದು ತೀರ್ಪು ಕೊಟ್ಟಳು. "ಜ್ವಾಳದಾಗ ಜೀವ ಇಲ್ಲ. ಗಿರಣಿಯವ ಗೋದಿ ಬೀಸಿದ ಮ್ಯಾಲ ಇದನ್ನ ಬೀಸ್ಯಾನ. ನಮ್ಮ ಕಡೆ ಬಿಳಿಜ್ವಾಳನ ಬೇಕು." ಗೋರೆಗಾಂವಿನಲ್ಲಿ ನಮ್ಮ ಸೀಮೆಯವನೊಬ್ಬ ಅಂಗಡಿ ಇಟ್ಟಿದ್ದಾನೆ, ಊರಿನ ಬಸ್ಸಿನ ಮೇಲೆ ಜೋಳದ ಚೀಲ ತರಿಸುತ್ತಾನೆ. ಡಾಕ್ಟರ್ ಬಾಯಿ ಕೊಟ್ಟ ಗಡುವು ಇಂದಿಗೆ ಮುಗಿಯುತ್ತಿತ್ತು. ಬೆಳಗಾಗುತ್ತಲೇ ನಾನು ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಗೋರೆಗಾಂವಿಗೆ ಹೋದೆ.

ಗೋರೆಗಾಂವ್ ಎಂದರೆ ನನ್ನ ಹರೆಯ. ಅಲ್ಲಿಯ ಎಷ್ಟೋ ಬಿಲ್ಡಿಂಗುಗಳ ಬಚ್ಚಲಿಗೆ ಫರಸಿ ಕಲ್ಲು ಕೂರಿಸಿದವನು ನಾನು. ಕಟ್ಟುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದೆವು, ಮುಗಿದ ಮೇಲೆ ಅದೇ ಗೇಟಿನಲ್ಲಿ ನಿಲ್ಲಿಸಿ ಯಾರು ಬೇಕು ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ನಮ್ಮ ಮಧ್ಯಾಹ್ನ ಎಂದರೆ ವಡಾಪಾವ್. ಚಿಲ್ಲರೆ ಕಾಸಿಗೆ ಬರುತ್ತಿತ್ತು, ಈಗ ನೋಟು ತೆಗೆಯಬೇಕು; ಆ ದೂರು ಎಲ್ಲರದೂ ಇದೆ. ನನ್ನ ದೂರು ಬೇರೆ. ಆಗಿನ ವಡೆ ಹುಡುಗರು ಆಡುವ ಚೆಂಡಿನಷ್ಟು ಇರುತ್ತಿತ್ತು, ಪಾವು ಅದನ್ನು ತಬ್ಬಿಕೊಳ್ಳಲಾರದೆ ಬಾಯಿ ತೆರೆದಿರುತ್ತಿತ್ತು. ಈಗ ಪಾವಿನೊಳಗೆ ವಡೆಯನ್ನು ಹುಡುಕಬೇಕು. ಈ ಊರು ಜಾಣ ಊರು. ಬೆಲೆ ಏರಿಸಿದರೆ ಗಿರಾಕಿ ಬೈಯುತ್ತಾನೆಂದು ಮೊದಲು ವಡೆ ಇಳಿಸುತ್ತದೆ, ಗಿರಾಕಿ ಅದಕ್ಕೆ ಹೊಂದಿಕೊಂಡ ಮೇಲೆ ಮೆಲ್ಲಗೆ ಬೆಲೆ ಏರಿಸುತ್ತದೆ. ಕಟಿಂಗ್ ಎಂಬ ಅರ್ಧ ಚಹಾದ ಗ್ಲಾಸೂ ಹಾಗೇ. ಅದರ ತಳದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ, ಮುಂದೊಂದು ದಿನ ಬರೀ ಗಾಜು ಕೊಟ್ಟು ಚಹಾದ ವಾಸನೆ ತೋರಿಸುತ್ತಾರೆ ಎಂದು ನನ್ನ ಅಂದಾಜು.

ಜೋಳದ ಚೀಲ ಹೆಗಲಿಗೇರಿಸಿ ಕುರ್ಲಾಕ್ಕೆ ವಾಪಸ್ಸು ಬಂದಾಗ ಮಧ್ಯಾಹ್ನ. ಬೆಳಗಿನಿಂದ ಚಹಾ ಬಿಟ್ಟು ಹೊಟ್ಟೆಗೆ ಏನೂ ಇಲ್ಲ. ನಮ್ಮ ಓಣಿಯ ಬಾಯಲ್ಲಿ ವಡಾಪಾವಿನ ಗಾಡಿಯ ಮಾವ್ಶಿ ಬಾಣಲೆಯಿಂದ ವಡೆ ಎತ್ತುತ್ತಿದ್ದಳು. ಎರಡು ತೆಗೆದುಕೊಂಡೆ. "ಸುಕ್ಕಿ ಚಟ್ನಿ ಜಾಸ್ತಿ, ಮಾವ್ಶಿ" ಎಂದೆ. ಆ ಕೆಂಪು ಬೆಳ್ಳುಳ್ಳಿ ಚಟ್ನಿಯನ್ನು ಒಂದು ಚಮಚ ಹೆಚ್ಚೇ ಸುರಿದಳು. ಮುಂಬಯಿಯಲ್ಲಿ ಈಗಲೂ ಮಾತಿಗೆ ಸಿಗುವ ಪದಾರ್ಥ ಅದೊಂದೇ. ಮನೆಗೆ ಹೋದರೆ ನೀಲವ್ವ ಹಿಟ್ಟು, ಗಿರಣಿ ಎಂದು ನನ್ನನ್ನು ಮತ್ತೆ ಓಡಿಸುತ್ತಾಳೆಂದು ಮೆಟ್ಟಿಲು ಹತ್ತುತ್ತಲೇ ಕಾಗದದೊಳಗೆ ವಡೆ, ಪಾವು, ಚಟ್ನಿ ಎಲ್ಲ ಸೇರಿಸಿ ಹಿಚುಕತೊಡಗಿದೆ. ಒಳಗೆ ಬಂದು ಚೀಲ ಇಳಿಸಿ, ಹೊಸ್ತಿಲ ಮೇಲೆ ಕೂತು, ಮುಷ್ಟಿ ತೆರೆದೆ.

ಮಂಚದ ಮೇಲೆ ಪೂಜಾ ಎದ್ದು ಕೂತಳು. ಎಷ್ಟೋ ದಿನದಿಂದ ಯಾರೂ ಎಬ್ಬಿಸದೆ ಎದ್ದಿರದ ಹುಡುಗಿ!

"ಅಜ್ಜಾ!"

"ಏನವ್ವಾ? ವಾಸನಿ ಬಂತೇನು? ಹೊರಗ ಹೋಗಿ ತಿಂತೀನಿ ತಡಿ."

"ಹೋಗಬ್ಯಾಡ. ಅದ! ಅದನ್ನ ಕೊಡು ನಂಗ!"

"ಏ ಹುಡುಗಿ, ಇದು ವಡಾಪಾವ್..."

"ವಡಾಪಾವ್ ಅಲ್ಲದು, ಮುಟಗಿ! ನೀ ಇದನ್ನ ತಿನ್ನಸ್ತಿದ್ದಿ. ಇದನ್ನ!"

ನಾನು ಮುಷ್ಟಿ ತೆರೆದುಕೊಂಡು ಬೆಪ್ಪನ ಹಾಗೆ ಕೂತೆ. ಮಸಾಲೆಯೂ ಬೆಳ್ಳುಳ್ಳಿಯೂ ಕಲೆತ ಆ ಬಿಸಿ ಹಬೆ ನನ್ನ ಮೂಗಿಗೂ ಬಡಿಯಿತು, ಆಗ ಎಲ್ಲ ನೆನಪಾಯಿತು.

ಪೂಜಾ ಆಗ ತೊದಲು ಮಾತಾಡುವ ಕೂಸು. ನಾನು ಕೆಲಸದ ಮೇಲೆ ಕಾಲು ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದೆ. ನೀಲವ್ವ ತವರಿನ ಮದುವೆಗೆಂದು ಊರಿಗೆ ಹೋದವಳು ಅಲ್ಲೇ ಕೆಲವು ದಿನ ನಿಂತಿದ್ದಳು. ಶಿವಾನಂದ ರಿಕ್ಷಾದ ಮೇಲೆ, ಮಹಾದೇವಿ ಮಸಾಲೆ ಪ್ಯಾಕಿಂಗ್ ಕೆಲಸಕ್ಕೆ. ಹಗಲೆಲ್ಲ ನಾನು, ಕೂಸು. ಮಹಾದೇವಿ ಮಾಡಿಟ್ಟು ಹೋದ ಮೆತ್ತಗಿನ ಅನ್ನವನ್ನು ಕೂಸು ಉಗುಳುತ್ತಿತ್ತು. ಆಗ ವಡಾಪಾವಿನ ಗಾಡಿ ನಮ್ಮ ಗ್ಯಾಲರಿಯ ಸರಿಯಾಗಿ ಕೆಳಗೇ ನಿಲ್ಲುತ್ತಿತ್ತು. ಕುಂಟು ಕಾಲಿನವನು ಇಳಿದು ಹೋಗುವುದೆಲ್ಲಿ? ಬಟ್ಟೆಯ ಚೀಲಕ್ಕೆ ಹಗ್ಗ ಕಟ್ಟಿ, ಅದರಲ್ಲಿ ಚಿಲ್ಲರೆ ಹಾಕಿ ಇಳಿಬಿಡುತ್ತಿದ್ದೆ. ಬಿಸಿ ವಡಾಪಾವ್ ತುಂಬಿಕೊಂಡು ಚೀಲ ಮೇಲೇರುತ್ತಿತ್ತು. ಪೂಜಾ ಗ್ಯಾಲರಿಯ ಸರಳು ಹಿಡಿದು, "ಬಂತು, ಬಂತು!" ಎಂದು ಕುಣಿಯುತ್ತಿದ್ದಳು. ಖಾರದ ಭಾಗ ನಾನು ತೆಗೆದುಕೊಂಡು, ಉಳಿದದ್ದನ್ನು ಮೆತ್ತಗೆ ಹಿಚುಕಿ, ಸಣ್ಣ ಸಣ್ಣ ಮುಟಗಿ ಕಟ್ಟಿ ಅವಳ ಬಾಯಿಗಿಡುತ್ತಿದ್ದೆ. ನನಗೆ ಹಿಚುಕಿದ್ದೆಲ್ಲ ಮುಟಗಿಯೇ. ಅವಳಿಗೂ ಅದೇ ಮುಟಗಿ ಆಯಿತು.

ನಾವೋ ಕಲ್ಲು ಬದಲಿಸಿದೆವು, ಖಾರ ಬದಲಿಸಿದೆವು, ಹೆಗಲ ಮೇಲೆ ಊರಿನ ಜೋಳ ಹೊತ್ತು ತಂದೆವು. ಹುಡುಗಿ ಕುರ್ಲಾದಲ್ಲಿ ಹುಟ್ಟಿದವಳು, ಅವಳ ಬಾಯಿಗೆ ಊರೆಂದರೆ ಕುರ್ಲಾವೇ ಎಂದು ನಮ್ಮೊಳಗೆ ಒಬ್ಬರಿಗಾದರೂ ಹೊಳೆಯಬೇಕಿತ್ತಲ್ಲ!

ನಾನು ಯೋಚಿಸುತ್ತಿರುವಾಗಲೇ ಪೂಜಾ ಇಳಿದು ಬಂದು ನನ್ನ ಅಂಗೈಯಿಂದಲೇ ತಿನ್ನತೊಡಗಿದಳು. ನೀಲವ್ವ ಒಳಗಿನಿಂದ ಓಡಿ ಬಂದಳು.

"ಅಯ್ಯಯ್ಯ, ಹುಚ್ಚ ಮುದುಕಾ! ಬಸುರಿ ಹೆಂಗಸಿಗೆ ರಸ್ತೆ ಮ್ಯಾಲಿಂದು ತಿನ್ನಸ್ತೀರೇನ್ರಿ?"

"ನಾ ಎಲ್ಲಿ ತಿನ್ನಸ್ಲಿಕ್ಕತ್ತೀನಿ? ಆಕೀನ ಕಸ್ಕೊಂಡು ತಿನ್ನಾಕತ್ಯಾಳ!"

"ಕೂಸಿದ್ದಾಗನೂ ಇದನ್ನ ತಿನಿಸೀರೇನು? ನಾ ಊರಿಗೆ ಹೋದಾಗ?"

"ಆಯಿ, ಸುಮ್ಕಿರು. ತಿಂದು ಮುಗಸ್ತೀನಿ, ಆಮ್ಯಾಲ ಬೈಯಿ ಅಜ್ಜಗ" ಎಂದಳು ಪೂಜಾ, ಬಾಯಿ ತುಂಬ ತುಂಬಿಕೊಂಡು.

ತಿಂದು ಮುಗಿಸಿದಳು. ಕಾಗದಕ್ಕೆ ಅಂಟಿದ ಚಟ್ನಿಯನ್ನೂ ಬೆರಳಿನಿಂದ ಬಳಿದಳು. ಆಮೇಲೆ ಗೋಡೆಗೊರಗಿ ಕೂತಳು. ನೀಲವ್ವ ಬೋಗುಣಿ ಹಿಡಿದು ಎದುರು ಕೂತಳು. ಸುದ್ದಿ ತಿಳಿದು ಮಹಾದೇವಿ ಬಂದಳು, ಶಿವಾನಂದ ರಿಕ್ಷಾ ಬಿಟ್ಟು ಬಂದ. ಎಲ್ಲರೂ ಸುತ್ತ ಕೂತು ಅವಳ ಗಂಟಲನ್ನೇ ನೋಡುತ್ತಿದ್ದೆವು. ಒಮ್ಮೆ ಅವಳು ತೇಗಿದಳು. ನಾಲ್ಕೂ ಮಂದಿ ಒಟ್ಟಿಗೆ ಬೋಗುಣಿಗೆ ಕೈಹಾಕಿದೆವು.

"ತೇಗು ಬಂದ್ರೂ ಬಿಡಂಗಿಲ್ಲೇನು ನೀವು? ಹಂಗ ನೋಡಬ್ಯಾಡ್ರಿ, ನಗಿ ಬರ್ತದ" ಎಂದು ಪೂಜಾ ನಕ್ಕಳು. ನಗುತ್ತಲೇ ನನ್ನ ಹೆಗಲಿಗೆ ತಲೆಯಿಟ್ಟಳು, ಹಾಗೇ ನಿದ್ದೆ ಹೋದಳು. ನಾನು ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು, ಬೆನ್ನು ತುರಿಸಿತು, ಮೂಗಿನ ಮೇಲೆ ನೊಣ ಕೂತು ತನ್ನ ಸಂಸಾರವನ್ನೂ ಕರೆಯಿತು. ಅಲ್ಲಾಡಲಿಲ್ಲ. ಪೂಜಾ ಎದ್ದಾಗ ಬಿಸಿಲು ಗ್ಯಾಲರಿ ಬಿಟ್ಟು ಹೋಗಿತ್ತು. ಅವಳು ಕಣ್ಣುಜ್ಜಿಕೊಂಡು ಹೇಳಿದ ಮೊದಲ ಮಾತು: "ಮಮ್ಮಿ, ಹಸಿವ್ಯಾಗೇದ."

ಆಗಲೇ ನಾನು ಚಪ್ಪಲಿ ಹುಡುಕಿ ಓಣಿಗಿಳಿದದ್ದು, ಸುದ್ದಿ ಹಂಚಿದ್ದು.

ವಾಪಸ್ಸು ಬಂದಾಗ ಮಹಾದೇವಿ ಡಾಕ್ಟರ್ ಬಾಯಿಗೆ ಫೋನು ಮಾಡಿ ಮುಗಿಸಿದ್ದಳು. ವಡಾಪಾವ್ ಎಂದು ಕೇಳಿ ಅವರೂ ಜೋರಾಗಿ ನಕ್ಕರಂತೆ. ಇವತ್ತು ಭರ್ತಿ ಮಾಡುವುದು ಬೇಡ, ನಿಂತದ್ದೇ ದೊಡ್ಡದು, ನಡುನಡುವೆ ನೀರು ಕುಡಿಸುತ್ತಿರಿ, ಬೆಳಗ್ಗೆ ಒಮ್ಮೆ ಕರೆತನ್ನಿ, ಆದರೆ ವಡೆ ಮಾತ್ರ ಮನೆಯಲ್ಲೇ ಶುಚಿಯಾಗಿ ಮಾಡಿಕೊಡಿ ಎಂದರಂತೆ. ಅಷ್ಟು ಸಾಕಾಯಿತು ನೀಲವ್ವನಿಗೆ. ಸೆರಗು ಸಿಕ್ಕಿಸಿ ಆಲೂಗಡ್ಡೆ ಕುದಿಯಲಿಟ್ಟಳು. ಬೆಳ್ಳುಳ್ಳಿ, ಒಣಕೊಬ್ಬರಿ, ಖಾರ ಒರಳಿಗೆ ಹಾಕಿ ತಾನೇ ಕುಟ್ಟಿದಳು. ಎರವಲು ತಂದ ಒರಳು ಕೊನೆಗೂ ಕೆಲಸಕ್ಕೆ ಬಂತು. ಅವಳು ಕಟ್ಟಿದ ವಡೆಗಳನ್ನು ನೋಡಿ ನನಗೆ ಗೋರೆಗಾಂವಿನ ಹರೆಯ ನೆನಪಾಯಿತು.

"ಇಷ್ಟು ದೊಡ್ಡು ಯಾಕ?" ಎಂದೆ.

"ನಾ ಏನು ಅಂಗಡಿ ಇಟ್ಟೀನೇನು, ಸಣ್ಣು ಮಾಡಾಕ?" ಎಂದಳು.

ಸಾಗರ್ ಬಂದವನು ಬಾಗಿಲಲ್ಲೇ ನಿಂತು ಹೆಂಡತಿಯ ಮುಖ ನೋಡಿದ. ಅವಳು ಬಾಣಲೆಯ ಪಕ್ಕದಲ್ಲೇ ಕೂತಿದ್ದಳು, ಆ ವಾಸನೆಯಲ್ಲೇ! ರೂಢಿಯಂತೆ ಅವನು ಕಿಸೆಯಿಂದ ಮೊಬೈಲು ತೆಗೆದ. ನೀಲವ್ವ ಅದನ್ನು ಕಸಿದು ಸಾಸಿವೆ ಡಬ್ಬಿಯ ಮೇಲಿಟ್ಟಳು. ಅಷ್ಟರಲ್ಲಿ ಕೆಳಗೆ ಸೈಕಲ್ಲಿನ ಪಾವ್‌ವಾಲಾ ಭೋಂಪು ಒತ್ತಿದ. ನಾನು ಅಟ್ಟದ ಮೇಲಿಂದ ಹಳೆಯ ಚೀಲ, ಹಗ್ಗ ಹುಡುಕಿ ತಂದು ಸಾಗರನ ಕೈಗೆ ಕೊಟ್ಟೆ. ಅವನು ಗ್ಯಾಲರಿಯಿಂದ ಹೆದರಿ ಹೆದರಿ ಇಳಿಬಿಟ್ಟ. ಪಾವು ತುಂಬಿಕೊಂಡ ಚೀಲ ಗೋಡೆಗೆ ಬಡಿಯುತ್ತ, ತಿರುಗುತ್ತ ಮೇಲೇರತೊಡಗಿತು. ಹಿಂದಿನಿಂದ ಪೂಜಾ ಬಂದು ಸರಳು ಹಿಡಿದು ಬಗ್ಗಿ ನೋಡಿದಳು.

"ಬಂತು, ಬಂತು!"

ನನ್ನ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಬಾಣಲೆಯ ಹೊಗೆ ಜಾಸ್ತಿಯಾಗಿತ್ತು.

ಆಮೇಲೆ ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಜಾಗ ಸಾಲದೆ ಸಾಗರ್ ಜೋಳದ ಚೀಲದ ಮೇಲೆ ಕೂತ. ಮಹಾದೇವಿ ಬೋಗುಣಿಯನ್ನು ತಿಕ್ಕಿ ತೊಳೆದು ಬಚ್ಚಲ ಗೋಡೆಗೆ ಬೋರಲು ಹಾಕಿ ಬಂದಳು. ನಾನು ನಡುವೆ ದೊಡ್ಡ ಪರಾತ ಇಟ್ಟುಕೊಂಡು ಹಿಚುಕುತ್ತ ಕೂತೆ. ಬಿಸಿಗೆ ಕೈ ಸುಡುತ್ತಿತ್ತು, ಊದಿಕೊಂಡು ಮತ್ತೆ ಹಿಚುಕುತ್ತಿದ್ದೆ. ಮೊದಲನೆಯದು ಪೂಜಾಳಿಗೆ. ಆಮೇಲೆ ಒಂದೊಂದಾಗಿ ಎಲ್ಲರ ತಾಟಿಗೆ. ಶಿವಾನಂದ ಮತ್ತೆ ತಾಟು ಚಾಚಿದ. ಸಾಗರ್, "ಅಜ್ಜಾ, ಏಕ್ ನಂಬರ್! ಇದಕ್ಕೆ ಗಾಡಿ ಹಾಕೋಣ" ಎಂದ. ಪೂಜಾ ಎರಡನೆಯದನ್ನು ಮುರಿಯುತ್ತಿದ್ದಳು.

ನೀಲವ್ವ ಒಬ್ಬಳೇ ಒಲೆಯ ಹತ್ತಿರ ಉಳಿದಿದ್ದಳು. ಕಡೆಯ ವಡೆ ಎತ್ತಿ, ಗ್ಯಾಸ್ ಆರಿಸಿ, ಬಂದು ನನ್ನ ಎದುರು ಕೂತಳು. ಮದುವೆಯಾದಾಗಿನಿಂದ ನನ್ನ ಕೈಯಡುಗೆ ತಿಂದವಳಲ್ಲ. ನಾನು ಮಾಡಿದ್ದರಲ್ಲವೇ ತಿನ್ನುವುದು! ತಾಟು ಮುಂದೆ ತಳ್ಳಿ, ಬೇರೆ ಕಡೆ ನೋಡುತ್ತ, "ನನಗೂ ಒಂದು ಕಟ್ರಿ" ಎಂದಳು.

ಕಟ್ಟಿದೆ. ಬೆರಳಿನ ಗುರುತು ಚೆನ್ನಾಗಿ ಮೂಡುವ ಹಾಗೆ ಒತ್ತಿ ಕಟ್ಟಿದೆ. ಅವಳು ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿ ನುಂಗಿದಳು. ಎಲ್ಲರ ಬಾಯಿಯೂ ನಿಂತಿತು.

"ಎಣ್ಣಿ ಕಮ್ಮಿ ಆಗೇದ" ಎಂದಳು. ಮಿಳ್ಳಿ ಎತ್ತಿ ತನ್ನ ಮುಟಗಿಯ ಮೇಲೆ ಎಣ್ಣೆ ಬಿಟ್ಟುಕೊಂಡಳು, ನನ್ನದರ ಮೇಲೂ ಬಿಟ್ಟಳು, ಆಮೇಲೆ ಉಣ್ಣತೊಡಗಿದಳು.